ಮೊದಲು ಆ ಹತ್ತೊಂಬತ್ತರ ಲೆಕ್ಕ ಕೊಡಿ

ಒಂದು ಹನಿ ರಕ್ತ ಸಾಕಂತೆ. ಗಂಟಿನಿಂದ ಚೂರು ಕತ್ತರಿಸುವುದು ಬೇಡ, ಕೊಳವೆ ಇಳಿಸುವುದು ಬೇಡ, ಪರದೆಯ ಹಿಂದೆ ಮಲಗುವ ಮುಜುಗರವೂ ಬೇಡ. ರಕ್ತದಲ್ಲಿ ತೇಲಾಡುವ ಮೈಕ್ರೋ ಆರ್‌ಎನ್‌ಎ ಎಂಬ ಪುಟಾಣಿ ಚೂರುಗಳನ್ನು ಯಂತ್ರ ಓದುತ್ತದಂತೆ, ಓದಿ ನಿಮ್ಮ ಮೈಯಲ್ಲಿ ಕ್ಯಾನ್ಸರ್ ಮೊಳೆತಿದೆಯೋ ಇಲ್ಲವೋ ಹೇಳಿಬಿಡುತ್ತದಂತೆ. 2024ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ ನೊಬೆಲ್ ಬಂದದ್ದೇ ತಡ, ಆರೋಗ್ಯ ಪುಟಗಳಲ್ಲೂ ವೇದಿಕೆಗಳಲ್ಲೂ ಇದೇ ಜಪ. ಅವರಿಗೆ ನೊಬೆಲ್ ಕೊಟ್ಟದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನೊಳಗೆ ಜೀನ್‌ಗಳಿಗೆ ಕಡಿವಾಣ ಹಾಕುವ ಹೊಸ ಬಗೆಯೊಂದನ್ನು ಕಂಡುಹಿಡಿದದ್ದಕ್ಕೆ, ಕ್ಯಾನ್ಸರ್ ಪತ್ತೆಯ ಕಿಟ್ ಮಾಡಿದ್ದಕ್ಕಲ್ಲ. ಆದರೆ ಮಾರುವವರಿಗೆ ಪದಕ ಮುಖ್ಯ, ಪದಕದ ಹಿಂದಿನ ಕಾರಣವಲ್ಲ.

ಇದಕ್ಕೆ ಈಗ ಹೊಸ ರಾಗವೊಂದು ಸೇರಿದೆ. ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯಂಥ ಕಡೆ ಕ್ಯಾನ್ಸರ್ ತಜ್ಞರಿಲ್ಲ, ಯಂತ್ರಗಳಿಲ್ಲ, ಆದ್ದರಿಂದ ಇಂಥ ಊರುಗಳಿಗೇ ರಕ್ತಪರೀಕ್ಷೆ ಮೊದಲು ಬರಬೇಕಂತೆ. ಸಿಎಸ್‌ಆರ್ ದುಡ್ಡಲ್ಲಿ ಒಂದು ವ್ಯಾನು, ಒಂದಷ್ಟು ಟ್ಯೂಬು, ರಿಬ್ಬನ್ ಕತ್ತರಿಸಲು ಒಬ್ಬ ಮಂತ್ರಿ. ತಜ್ಞರಿಲ್ಲ ಎಂದರೆ ತಜ್ಞರನ್ನು ಕಳಿಸಬೇಕು ಎಂಬುದು ಈ ಮಹಾಶಯರಿಗೆ ಹೊಳೆಯುವುದೇ ಇಲ್ಲ. ವೈದ್ಯರು ಈ ಕಡೆ ಬರುವ ಬದಲು ನಮ್ಮ ರಕ್ತವೇ ಬೆಂಗಳೂರಿಗೆ ಹೋಗಬೇಕು!

ನನ್ನ ಹತ್ತಿರ ಇರುವುದು ಒಂದೇ ಅಂಕಿ. ಅದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಬದುಕಿನಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ 1.9. ಅಂದರೆ ಸಾವಿರಕ್ಕೆ ಹತ್ತೊಂಬತ್ತು. ಸ್ತನ ತಪಾಸಣೆ ನೂರಕ್ಕೆ 0.9. ಬಾಯಿ ತೆರೆಸಿ ಒಮ್ಮೆ ಒಳಗೆ ನೋಡಿಸಿಕೊಂಡ ಹೆಂಗಸರೂ ಅಷ್ಟೇ, 0.9. ಬಾಯಿ ನೋಡಲು ಬೇಕಾದದ್ದು ಒಂದು ಟಾರ್ಚು ಮತ್ತು ಒಂದು ನಿಮಿಷ.

ಈ ಮೂರು ತಪಾಸಣೆಗಳನ್ನು 30ರಿಂದ 65 ವರ್ಷದ ಹೆಂಗಸರಿಗೆ ಮಾಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಗರ್ಭಕಂಠಕ್ಕೆ ಅದು ಹೇಳುವ ವಿಧಾನ ಕೇಳಿದರೆ ನೊಬೆಲ್ ಭಕ್ತರಿಗೆ ನಗು ಬರಬಹುದು. ಅಡುಗೆಮನೆಯ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ನೂರಕ್ಕೆ ಮೂರರಿಂದ ಐದರಷ್ಟು ತೆಳುವು ಮಾಡಿ ಹತ್ತಿಯಲ್ಲಿ ಸವರುವುದು, ಒಂದು ನಿಮಿಷ ಕಾಯುವುದು, ಬೆಳ್ಳಗಾದ ಜಾಗವಿದೆಯೇ ನೋಡುವುದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ನಡೆಸಿ 2013ರಲ್ಲಿ ಫಲಿತಾಂಶ ಕೊಟ್ಟರು. ಸವರಿ ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ, ಹತ್ತನೇ ತರಗತಿ ಓದಿದ ಹೆಂಗಸರು. ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿಯಿತು. ತಿರುವನಂತಪುರದಲ್ಲಿ ಬಾಯಿ ನೋಡುತ್ತಾ ಹೋದರು, ತಂಬಾಕು ಮತ್ತು ಹೆಂಡದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34ರಷ್ಟು ಇಳಿದದ್ದು 2005ರಲ್ಲೇ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರದ ಮಳೆಯಿಲ್ಲದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ, ನಮ್ಮ ಪಾವಗಡದ ಅಕ್ಕನಂತಿರುವ ಜಿಲ್ಲೆಯಲ್ಲಿ, ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿಗೆ ಒಂದೇ ಒಂದು ಸಲ ಪರೀಕ್ಷೆ ಮಾಡಿದ್ದಕ್ಕೆ ಆ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಇಳಿದದ್ದು ಸಾವು ಎಂಬುದನ್ನು ಗಮನಿಸಿ. ‘ಪತ್ತೆ ಪ್ರಮಾಣ’, ‘ನಿಖರತೆ’ ಎಂಬ ಕರಪತ್ರದ ಮಾತುಗಳಲ್ಲ. ಹಲವು ಕ್ಯಾನ್ಸರ್‌ಗಳನ್ನು ಒಟ್ಟಿಗೆ ಹಿಡಿಯುತ್ತೇವೆಂದು ಹೊರಟ ರಕ್ತಪರೀಕ್ಷೆಗಳಲ್ಲಿ ಸಾವು ಇಳಿಸಿ ತೋರಿಸಿದ್ದು ಒಂದೂ ಇಲ್ಲ.

ಇನ್ನು ಆ ಚೂರುಗಳ ವಿಷಯ. ರಕ್ತದ ದ್ರವದಲ್ಲಿ ಮೈಕ್ರೋ ಆರ್‌ಎನ್‌ಎ ಕೆಡದೆ ಉಳಿಯುತ್ತದೆ, ಅದರಲ್ಲಿ ಗಡ್ಡೆಯ ಗುರುತು ಸಿಗಬಹುದು ಎಂದು ಮುನೀಶ್ ತಿವಾರಿ ಅವರ ತಂಡ ಅಮೆರಿಕದಲ್ಲಿ ತೋರಿಸಿದ್ದು 2008ರಲ್ಲಿ. ಅಲ್ಲಿಂದಾಚೆಗೆ ಪ್ರಬಂಧಗಳ ಸುಗ್ಗಿ. ಒಬ್ಬರಿಗೆ ಮಿರ್-21 ಎಂಬ ಚೂರು ಸ್ತನ ಕ್ಯಾನ್ಸರಿನ ಗುರುತು, ಇನ್ನೊಬ್ಬರಿಗೆ ಅದೇ ಮಿರ್-21 ಶ್ವಾಸಕೋಶದ ಗುರುತು, ಮತ್ತೊಬ್ಬರಿಗೆ ಕರುಳಿನದು. ಎಲ್ಲರ ಗುರುತೂ ಒಂದೇ ಆದರೆ ಅದು ಯಾರ ಗುರುತು ಸ್ವಾಮಿ? 2012ರಲ್ಲಿ ಅದೇ ತಿವಾರಿ ತಂಡ ಕೂತು ಲೆಕ್ಕ ಹಾಕಿತು. ಗಡ್ಡೆ ಕ್ಯಾನ್ಸರ್‌ಗಳ ಗುರುತು ಎಂದು ಅದುವರೆಗೆ ಪ್ರಕಟವಾದ 79 ಮೈಕ್ರೋ ಆರ್‌ಎನ್‌ಎಗಳಲ್ಲಿ 46 ರಕ್ತಕಣಗಳಲ್ಲೇ ಯಥೇಚ್ಛವಾಗಿರುವಂಥವು. ಗಡ್ಡೆಯಿಂದ ಬಂತೆಂದು ಭಾವಿಸಿದ್ದು ರಕ್ತಕಣ ಒಡೆದು ಚೆಲ್ಲಿದ್ದಾಗಿರಬಹುದು. ಕೆಂಪು ಕಣ ಒಡೆದರೆ ಮಿರ್-451, ಮಿರ್-16 ಎರಡೂ ಏರುತ್ತವೆ. ಅದರಲ್ಲಿ ಈ ಮಿರ್-16 ಅನ್ನೇ ಬದಲಾಗದ ಅಳತೆಗೋಲು ಎಂದುಕೊಂಡು ಉಳಿದವನ್ನು ಅಳೆದ ಪ್ರಯೋಗಾಲಯಗಳು ಎಷ್ಟೋ. ಅಳೆಯುವ ಗಜಕಡ್ಡಿಯೇ ಹಿಗ್ಗುತ್ತಿತ್ತು!

ಈಗ ವಳ್ಳೂರಿನ ಕಡೆ ಬನ್ನಿ. ಪಾವಗಡ ತಾಲ್ಲೂಕಿನ ಅಂಚಿನ ಊರು, ಮೂರು ದಿಕ್ಕಿಗೂ ಆಂಧ್ರ ಇರುವ ತಾಲ್ಲೂಕು. ಏಪ್ರಿಲ್ ತಿಂಗಳ ಬಿಸಿಲು. ಉಪಕೇಂದ್ರದಲ್ಲಿ ರಕ್ತ ತೆಗೆದರು ಎನ್ನಿ. ಕೆಲವು ಗಂಟೆಗಳೊಳಗೆ ಅದನ್ನು ಯಂತ್ರದಲ್ಲಿ ತಿರುಗಿಸಿ ಕಣ ಬೇರೆ, ದ್ರವ ಬೇರೆ ಮಾಡಬೇಕು. ಇಲ್ಲದಿದ್ದರೆ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಟ್ಯೂಬು ಕುಲುಕಾಡುತ್ತ ನೂರೈವತ್ತು ಕಿಲೋಮೀಟರಿಗೂ ಮೇಲೆ ಬೆಂಗಳೂರಿನ ದಾರಿ ಹಿಡಿಯುತ್ತದೆ. ಬಿಸಿಲಿಗೂ ಕುಲುಕಿಗೂ ಒಡೆದ ಕೆಂಪು ಕಣಗಳು ಅಲ್ಲಿ ಕ್ಯಾನ್ಸರಿನ ವೇಷ ಹಾಕಿ ಕುಣಿಯುತ್ತವೆ. ಪ್ರಯೋಗಾಲಯದಲ್ಲಿ ಸಿಕ್ಕಿತೆಂದು ಕರಪತ್ರ ಹೇಳುವ ನೂರಕ್ಕೆ 95ರ ನಿಖರತೆ ನಮ್ಮ ರಸ್ತೆಯ ಗುಂಡಿಗಳನ್ನು ದಾಟಿ ಉಳಿಯುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ?

ಉಳಿಯುತ್ತದೆ ಎಂದೇ ಇಟ್ಟುಕೊಳ್ಳೋಣ, ಉದಾರವಾಗಿ 99 ಎಂದೇ ಇಟ್ಟುಕೊಳ್ಳೋಣ. 2022ರ ಅಂದಾಜಿನಲ್ಲಿ ಭಾರತದಲ್ಲಿ ವರ್ಷಕ್ಕೆ 14 ಲಕ್ಷ ಹೊಸ ಕ್ಯಾನ್ಸರ್, ಅಂದರೆ ಲಕ್ಷ ಜನಕ್ಕೆ ನೂರರ ಆಸುಪಾಸು. ವಯಸ್ಕರಷ್ಟೇ ಎಂದು ಇನ್ನೂರು ಹಿಡಿಯಿರಿ. ಈ ನಾಲ್ಕು ತಾಲ್ಲೂಕುಗಳಿಂದ ಒಂದು ಲಕ್ಷ ಜನರ ರಕ್ತ ತೆಗೆದಿರಿ, ಇನ್ನೂರು ಮಂದಿಯನ್ನೂ ಒಬ್ಬರನ್ನೂ ಬಿಡದೆ ಹಿಡಿದಿರಿ. ಉಳಿದ 99,800 ಆರೋಗ್ಯವಂತರಲ್ಲಿ ನೂರಕ್ಕೊಬ್ಬರಂತೆ 998 ಜನಕ್ಕೂ ‘ಇದೆ’ ಎಂಬ ಚೀಟಿ ಬರುತ್ತದೆ. ಚೀಟಿ ಹಿಡಿದ ಆರು ಜನರಲ್ಲಿ ಐವರಿಗೆ ಏನೂ ಆಗಿರುವುದಿಲ್ಲ. ಕರಪತ್ರದ 95ಕ್ಕೇ ಇಳಿದರೆ ಹೀಗೆ ಸುಮ್ಮನೆ ಹೆದರಿದವರು ಐದು ಸಾವಿರದ ಹತ್ತಿರ. ಎಲ್ಲಿದೆ ಕ್ಯಾನ್ಸರ್ ಎಂದು ಮಿರ್-21 ಹೇಳುವುದಿಲ್ಲ. ಚೀಟಿ ಬಂದ ಹೆಂಗಸು ತಲೆಯಿಂದ ಕಾಲಿನವರೆಗೆ ಹುಡುಕಿಸಿಕೊಳ್ಳಬೇಕು. ಪೆಟ್-ಸಿಟಿ ಎಂದರೆ ಹತ್ತಿಪ್ಪತ್ತು ಸಾವಿರ, ಬೆಂಗಳೂರಿನ ಲಾಡ್ಜು, ಜೊತೆಗೊಬ್ಬ ಗಂಡಸಿನ ಕೂಲಿ ನಷ್ಟ. ಅಷ್ಟಾಗಿ ಏನೂ ಸಿಗದಿದ್ದರೆ? ಊರವರ ಕಣ್ಣಲ್ಲಿ ಆಕೆ ಕ್ಯಾನ್ಸರ್ ಹೆಂಗಸೇ. ಮಗಳಿಗೆ ಗಂಡು ನೋಡಲು ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಬೇಗ ಪತ್ತೆಯಾದರೆ ಬದುಕಿದಂತೆ ಎನ್ನುವವರಿಗೆ ಬ್ರಿಟನ್ನಿನ ಒಂದು ಕತೆ. ಅಂಡಾಶಯದ ಕ್ಯಾನ್ಸರಿಗೆ ರಕ್ತದಲ್ಲಿ ಸಿಎ-125 ನೋಡುವ ಪರೀಕ್ಷೆಯನ್ನು ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಅಧ್ಯಯನದಲ್ಲಿ ಹದಿನಾರು ವರ್ಷ ಬೆನ್ನುಹತ್ತಿ ನೋಡಿದರು. ರೋಗ ಬೇಗ ಸಿಕ್ಕಿದ್ದು ನಿಜ. 2021ರಲ್ಲಿ ಲೆಕ್ಕ ಮುಗಿಸಿದಾಗ ಸಾವು ಮಾತ್ರ ಕಡಿಮೆಯಾಗಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆಗೆ ಸ್ಕ್ಯಾನ್ ಇಟ್ಟು ಇಟ್ಟು 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 1993ರ ಹದಿನೈದು ಪಟ್ಟಾಯಿತು. ಸತ್ತವರ ಸಂಖ್ಯೆ ಇದ್ದಲ್ಲೇ ಇತ್ತು, ಗ್ರಂಥಿ ಕಳೆದುಕೊಂಡು ಜೀವನವಿಡೀ ಮಾತ್ರೆ ನುಂಗುವವರು ಹೆಚ್ಚಾದರು ಅಷ್ಟೇ. ಮೈಕ್ರೋ ಆರ್‌ಎನ್‌ಎ ಹಿಂದೆ ಇಷ್ಟು ವರ್ಷ ಓಡಿ ಆಸ್ಪತ್ರೆಯ ಬಾಗಿಲವರೆಗೆ ಗಟ್ಟಿಯಾಗಿ ಬಂದು ನಿಂತದ್ದು ಯಾವುದು ಗೊತ್ತೇ? ಗಂಡಸರ ವೃಷಣದ ಗಡ್ಡೆಗೆ ನೋಡುವ ಮಿರ್-371. ಅದರ ಮುಖ್ಯ ಕೆಲಸವೂ ರೋಗ ಇದೆಯೆಂದು ತಿಳಿದವರಲ್ಲಿ ಮತ್ತೆ ಮರುಕಳಿಸಿತೇ ಎಂದು ನೋಡುವುದು.

ಪೇಟೆಯಲ್ಲಿ ಈಗಾಗಲೇ ಇರುವ ರಕ್ತಪರೀಕ್ಷೆಗಳು ಮೈಕ್ರೋ ಆರ್‌ಎನ್‌ಎಯವಲ್ಲ ಎಂಬುದೂ ಜನಕ್ಕೆ ಗೊತ್ತಿಲ್ಲ, ತಿಳಿಸುವ ಆತುರ ಯಾರಿಗೂ ಇದ್ದಂತಿಲ್ಲ. ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರಿನಲ್ಲಿ ತಂದ ಕ್ಯಾನ್ಸರ್‌ಸ್ಪಾಟ್ ನೋಡುವುದು ಡಿಎನ್‌ಎ ಮೇಲಿನ ಮೀಥೈಲ್ ಗುರುತನ್ನು. ನಾಸಿಕ್‌ನ ದಾತಾರ್ ಸಂಸ್ಥೆಯ ಸ್ತನ ಕ್ಯಾನ್ಸರ್ ಪರೀಕ್ಷೆ ಅಪೋಲೊ ಮೂಲಕ 2022ರಲ್ಲಿ ಬಂದಾಗ ಅದರ ಬೆಲೆ ಆರು ಸಾವಿರ. ಅದು ಹುಡುಕುವುದು ಗಡ್ಡೆಯಿಂದ ಕಳಚಿ ಅಲೆಯುವ ಕೋಶಗಳನ್ನು. ಇರಲಿ, ಒಂದೊಂದರದು ಒಂದೊಂದು ವಿಜ್ಞಾನ. ಆದರೆ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆರು ಸಾವಿರಕ್ಕೆ ಹದಿನೇಳು ದಿನ ಗುದ್ದಲಿ ಹಿಡಿಯಬೇಕಿತ್ತು. ವಿನೆಗರಿಗೆ ಒಂದು ದಿನವೂ ಬೇಡ.

ಊರಿನ ಹೆಸರು ಹೇಳಿದ ಮೇಲೆ ಹೊಟ್ಟೆಯೊಳಗಿನದನ್ನೂ ಹೇಳಿಬಿಡುತ್ತೇನೆ. ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ನಿಂತಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಜಮೀನಿದ್ದವರಿಗೆ ದುಡ್ಡು ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ, ಒಂದು ಗುಂಟೆಯೂ ಇಲ್ಲದ ಹೆಂಗಸರಿಗೆ ಏನು ಬಂತು? ನಮ್ಮ ಬಿಸಿಲನ್ನು ತಂತಿಯಲ್ಲಿ ಕಳಿಸಿದ್ದಾಯಿತು, ಇನ್ನು ರಕ್ತವನ್ನು ಟ್ಯೂಬಿನಲ್ಲಿ ಕಳಿಸಿ ಅನ್ನುತ್ತೀರಿ. ತುಮಕೂರು–ರಾಯದುರ್ಗ ರೈಲು 2007-08ರಲ್ಲಿ ಮಂಜೂರಾಯಿತು. ಕೊರಟಗೆರೆ, ಮಧುಗಿರಿ, ಪಾವಗಡ ದಾಟುವ 207 ಕಿಲೋಮೀಟರ್. ಆ ವರ್ಷ ಹುಟ್ಟಿದ ಕೂಸು ವೋಟು ಹಾಕುವ ವಯಸ್ಸಿಗೆ ಬಂದಿದೆ, ರೈಲು ಮಾತ್ರ ಇನ್ನೂ ತೆವಳುತ್ತಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವಳು ಇವತ್ತಿಗೂ ಬೆಳಗಿನ ಜಾವದ ಬಸ್ಸಿನಲ್ಲಿ ಸೆರಗಿಗೆ ವಾಂತಿ ಒರೆಸಿಕೊಳ್ಳುತ್ತ ಹೋಗುತ್ತಾಳೆ. ಕೀಮೋ ಹಾಕಿಸಿಕೊಂಡು ಅದೇ ಬಸ್ಸಿನಲ್ಲಿ ವಾಪಸ್ಸು.

ಮತ್ತೆ ಟಾರ್ಚಿನ ಮಾತಿಗೆ ಬರುತ್ತೇನೆ. ಈ ಸೀಮೆಯಲ್ಲಿ ಬಾಯಿಹುಣ್ಣು ಎಂದರೆ ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಐಎಆರ್‌ಸಿ 2004ರಲ್ಲೇ ಹೇಳಿದೆ. ಹೀಗೆಂದ ಕೂಡಲೇ ನಮ್ಮ ಜನಪ್ರತಿನಿಧಿಗಳಿಗೆ ಅಡಿಕೆ ಬೆಳೆಗಾರರ ಮೇಲೆ ಉಕ್ಕುವ ಪ್ರೀತಿ, ಅಡಿಕೆ ಜಗಿದವನ ದವಡೆ ಕತ್ತರಿಸಿದ ದಿನ ಎಲ್ಲಿರುತ್ತದೋ. ಬಾಯೊಳಗಿನ ಬಿಳಿ ಮಚ್ಚೆ ಕಣ್ಣಿಗೇ ಕಾಣುತ್ತದೆ. ಅದಕ್ಕೆ ಮೈಕ್ರೋ ಆರ್‌ಎನ್‌ಎ ಯಾಕೆ? ಬಾಯಿ, ಸ್ತನ, ಗರ್ಭಕಂಠ ಈ ಮೂರೇ ದೇಶದ ಹೊಸ ಕ್ಯಾನ್ಸರ್‌ಗಳಲ್ಲಿ ಮೂರರಲ್ಲೊಂದು ಪಾಲು. ಮೂರಕ್ಕೂ ಬೇಕಾದದ್ದು ಕಣ್ಣು, ಕೈ, ಟಾರ್ಚು, ವಿನೆಗರು, ಮತ್ತು ಮನೆ ಮನೆಗೆ ಹೋಗುವ ಒಬ್ಬ ಆಶಾ ಕಾರ್ಯಕರ್ತೆ. ಆ ಆಶಾ ತಾಯಂದಿರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹದಿನೈದು ಸಾವಿರ ಕೇಳಿ ಹಗಲು ರಾತ್ರಿ ಕೂತರು, ಹತ್ತು ಸಾವಿರದ ಭರವಸೆ ಹಿಡಿದು ಎದ್ದರು. ದುಡ್ಡಿಲ್ಲ ಎಂದದ್ದು ಇದೇ ಸರ್ಕಾರಗಳು, ಇದೇ ಕಂಪನಿಗಳ ಜೊತೆ ಒಡಂಬಡಿಕೆಗೆ ಸಹಿ ಹಾಕಿ ಫೋಟೋಗೆ ನಿಲ್ಲುವುದೂ ಇವೇ ಸರ್ಕಾರಗಳು.

ಹಳ್ಳಿಯವರು ತಪಾಸಣೆಗೆ ಬರುವುದಿಲ್ಲ, ನಾಚಿಕೆ, ಅದಕ್ಕೇ ರಕ್ತಪರೀಕ್ಷೆ ಎಂಬ ವಾದವಂತೂ ಕೇಳಿ ಕೇಳಿ ಸಾಕಾಗಿದೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮದಲ್ಲಿ ಸ್ವಾಮಿ ಜಪಾನಂದರು ಕುಷ್ಠರೋಗಿಗಳನ್ನು, ಕ್ಷಯದವರನ್ನು ಕರೆದು ಕೂರಿಸಿದಾಗ ಬಂದರು. ಶಾರದಾದೇವಿ ಕಣ್ಣಿನ ಆಸ್ಪತ್ರೆಯ ಶಿಬಿರಕ್ಕೆ ಜನ ಸಾಲುಗಟ್ಟಿ ಬಂದರು. ಪೊರೆ ತೆಗೆಯುವವರು ಅಲ್ಲೇ ಇದ್ದರು, ಅದಕ್ಕೇ ಬಂದರು. ‘ಇದೆ’ ಎಂದಮೇಲೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವಿರುವ ಕಡೆ ನಾಚಿಕೆ ಅಡ್ಡ ಬರುವುದಿಲ್ಲ.

2024ರಲ್ಲಿ ಕೋಲಾರದಲ್ಲಿ ಚಾಲನೆ ಕೊಟ್ಟ ಗೃಹ ಆರೋಗ್ಯ ಯೋಜನೆಯ ಪಟ್ಟಿಯಲ್ಲಿ ಈ ಮೂರೂ ಕ್ಯಾನ್ಸರ್‌ಗಳಿವೆ. ಬಿಪಿ, ಶುಗರ್ ನೋಡಿದಷ್ಟು ಸಲೀಸಾಗಿ ಎಷ್ಟು ಬಾಯಿ ತೆರೆಸಿ ನೋಡಿದಿರಿ? ವಳ್ಳೂರಿನ ಎಷ್ಟು ಹೆಂಗಸರಿಗೆ ವಿನೆಗರ್ ಸವರಿದಿರಿ, ಎಷ್ಟು ಜನಕ್ಕೆ ಬೆಳ್ಳಗೆ ಕಂಡಿತು, ಅವರಲ್ಲಿ ಎಷ್ಟು ಜನ ಪಾವಗಡ ಆಸ್ಪತ್ರೆ ತಲುಪಿದರು, ತುಮಕೂರು ತಲುಪಿದರು, ಕಿದ್ವಾಯಿ ತಲುಪಿದರು? ನಾಲ್ಕು ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಹೆಸರಿಲ್ಲದೆ, ಬರೀ ಸಂಖ್ಯೆಯಲ್ಲಿ ಆ ಪಟ್ಟಿ ಅಂಟಿಸಿ. ಸಾವಿರಕ್ಕೆ ಹತ್ತೊಂಬತ್ತು ಎಂಬುದು ಸಾವಿರಕ್ಕೆ ಏಳುನೂರಾಗಲಿ. ಅಲ್ಲಿಯವರೆಗೆ ನಿಮ್ಮ ವ್ಯಾನು ಬೆಂಗಳೂರಿನಲ್ಲೇ ಇರಲಿ. ಅಲ್ಲಿ ಆರು ಸಾವಿರ ಕೊಟ್ಟು ಹೆದರಿಕೊಳ್ಳುವ ಶಕ್ತಿ ಇರುವವರು ಬೇಕಾದಷ್ಟು ಜನ ಸಿಗುತ್ತಾರೆ.