ಮಾಗಿ ಚಳಿಯೂ ಬೈಕಿನ ಟೈರೂ
ಜರ್ಮನಿಯ ಹೈಡೆನಾವ್‌ನಂಥ ಕಂಪನಿಗಳು ಸ್ಕೂಟರ್, ಬೈಕುಗಳಿಗೂ ಚಳಿಗಾಲದ ಟೈರು ಮಾಡುತ್ತವೆ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾಮೂಲಿ ರಬ್ಬರು ಬಿರುಸಾಗಿ ಹಿಡಿತ ಸಡಿಲುತ್ತದೆ. ಈ ಟೈರಿನ ರಬ್ಬರು ಮೆತ್ತಗೇ ಉಳಿಯುತ್ತದೆ, ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಹಿಡಿಯುತ್ತವೆ. ಕೃಷ್ಣರಾಜಪೇಟೆಯ ಮಾಗಿ ಚಳಿಗೆ ಇಂಥ ಟೈರು ಬೇಕಿಲ್ಲ. ಹಾಗೆಂದು ನಮ್ಮ ರಸ್ತೆ ಜಾರುವುದಿಲ್ಲವೇ? ಡಿಸೆಂಬರ್, ಜನವರಿಯಲ್ಲಿ ಕಿಕ್ಕೇರಿ, ನಾಗಮಂಗಲದ ಕಡೆ ಹೋಗಿ ನೋಡಿ: ಕಣ ಮಾಡುವವರು ಕಡಿಮೆಯಾಗಿ, ಹುರುಳಿ, ರಾಗಿಯನ್ನು ಡಾಂಬರಿನ ಮೇಲೇ ಹರಡಿರುತ್ತಾರೆ. ಇಬ್ಬನಿಗೆ ನೆನೆದ ಹುರುಳಿ ಸೊಪ್ಪಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಅಡಿಯಲ್ಲಿ ಉದುರಿದ ಕಾಳು ಗೋಲಿಯಂತೆ ಉರುಳುತ್ತದೆ. ಅದಕ್ಕೆ ಯಾವ ದೇಶದ ಟೈರೂ ಮದ್ದಲ್ಲ. ಒಕ್ಕಣೆಗೆ ಆಳು ಸಿಗದ ರೈತನ ಕಷ್ಟ ನಿಜ. ಆದರೆ ಮಂಜಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟವನೂ ರೈತನೇ. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳಿವೆ. ಉಳಿದ ಊರುಗಳಿಗೂ ಅಂಥ ಸಿಮೆಂಟ್ ಕಣ ಬೇಕು, ಪಂಚಾಯಿತಿ ಸದಸ್ಯರನ್ನು ಕೂರಿಸಿಕೊಂಡು ಕೇಳಬೇಕಾದ ಮಾತಿದು. ಸವಾರರ ಕೈಯಲ್ಲಿರುವುದೂ ಇದೆ. ಮೋಟಾರು ವಾಹನ ನಿಯಮದಂತೆ ದ್ವಿಚಕ್ರದ ಟೈರಿನ ಗೀರಿನ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಕೂಡದು. ಎಷ್ಟೋ ಬೈಕುಗಳ ಹಿಂದಿನ ಟೈರು ನಡುವೆ ಪೂರ್ತಿ ಬೋಳು, ಅಂಚಿನಲ್ಲಷ್ಟೇ ಗೀರು. ಅದನ್ನು ಸಂಕ್ರಾಂತಿವರೆಗೆ ಓಡಿಸಬೇಡಿ, ಬದಲಿಸಿ. ಚಳಿಗೆ ಒಳಗಿನ ಗಾಳಿಯ ಒತ್ತಡವೂ ಇಳಿಯುತ್ತದೆ, ಟೈರು ತಣ್ಣಗಿರುವಾಗಲೇ ನೋಡಿಸಿ. ಹೊಸ ಟೈರಿನ ದುಡ್ಡು ದೊಡ್ಡದೇ, ಮುರಿದ ಕಾಲಿನ ಆಸ್ಪತ್ರೆ ಖರ್ಚು ಅದಕ್ಕಿಂತ ದೊಡ್ಡದು.