ಐವತ್ತರ ನಿಯಮ, ಹನ್ನೆರಡರ ಕ್ರಮ

1966ರ ಸಂರಕ್ಷಣಾ ಕಾಯಿದೆಯಡಿ ಅಮೆರಿಕ ಇರಿಸಿಕೊಂಡಿರುವ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ನೋಂದಣಿಗೆ ಪೂಜಾಸ್ಥಳಗಳು ಸಾಮಾನ್ಯವಾಗಿ ಸೇರುವುದಿಲ್ಲ. ಸರ್ಕಾರ ಯಾವ ಮತದ ಪಕ್ಷವನ್ನೂ ವಹಿಸಬಾರದೆಂಬ ಎಚ್ಚರದಿಂದ, ವಾಸ್ತುಶಿಲ್ಪ, ಕಲೆ ಅಥವಾ ಇತಿಹಾಸದ ಕಾರಣಕ್ಕೆ ಮಹತ್ವ ಪಡೆದವುಗಳಿಗಷ್ಟೇ ಅಲ್ಲಿ ಅವಕಾಶವಿದ್ದು, ಅಸಾಧಾರಣ ಮಹತ್ವವಿಲ್ಲದಿದ್ದರೆ ಕಟ್ಟಡಕ್ಕೆ ಐವತ್ತು ವರ್ಷವಾದರೂ ತುಂಬಿರಬೇಕು. ಪೂಜೆ ನಡೆಯುತ್ತಿದೆ ಎಂಬುದು ಈ ಲೆಕ್ಕದಲ್ಲಿ ಅರ್ಹತೆಯಲ್ಲ.

ಅಟ್ಲಾಂಟಾದ ಎಬನೀಜರ್ ಬ್ಯಾಪ್ಟಿಸ್ಟ್ ಚರ್ಚು ಈ ನೀತಿಯ ಫಲವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ತಂದೆಯ ಜೊತೆಗೆ ಪಾದ್ರಿಯಾಗಿದ್ದ ಆ ಕಟ್ಟಡವನ್ನು ರಾಷ್ಟ್ರೀಯ ಉದ್ಯಾನ ಸೇವೆಯು 1960ರ ದಶಕದಲ್ಲಿದ್ದ ರೂಪಕ್ಕೆ ಮರಳಿಸಿ ಸಂದರ್ಶಕರಿಗೆ ತೆರೆದಿದೆ. ಭಕ್ತಸಭೆಯಾದರೋ 1999ರಲ್ಲಿ ರಸ್ತೆಯಾಚೆಯ ಹೊಸ ಮಂದಿರಕ್ಕೆ ಹೋಗಿ, ಭಾನುವಾರದ ಆರಾಧನೆಯನ್ನು ಅಲ್ಲಿ ನಡೆಸುತ್ತಿದೆ. ಸಭೆ ಎದುರಿನಲ್ಲೇ ಇರುವುದರಿಂದ ಈ ಅಗಲಿಕೆ ಹಾನಿ ಮಾಡಲಿಲ್ಲ. ದಕ್ಷಿಣ ಕೆರೊಲಿನಾದ ಸೇಂಟ್ ಹೆಲೆನಾ ದ್ವೀಪದ 'ಪ್ರೇಸ್ ಹೌಸ್'ಗಳ, ಎಂದರೆ ಗಲ್ಲಾ ಗೀಚಿ ಸಮುದಾಯದವರ ಪುಟ್ಟ ಮರದ ಪ್ರಾರ್ಥನಾ ಮನೆಗಳ, ವಿಷಯ ಹಾಗಲ್ಲ. ಗುಲಾಮರ ವಂಶಜರಾದ ಈ ಜನ ವೃತ್ತಾಕಾರವಾಗಿ ಸಾಗುತ್ತ, ಚಪ್ಪಾಳೆ ತಟ್ಟಿ, ಹಲಗೆಯ ನೆಲವನ್ನೇ ವಾದ್ಯವಾಗಿಸಿಕೊಳ್ಳುವ 'ರಿಂಗ್ ಶೌಟ್' ಎಂಬ ಆರಾಧನೆ ನಿಂತುಹೋದರೆ, ಉಳಿದ ಮನೆ ಅಷ್ಟೇನೂ ಮಾತಾಡದು. 2006ರಲ್ಲಿ ಅಮೆರಿಕದ ಸಂಸತ್ತು ಒಂದೊಂದೇ ಕಟ್ಟಡವನ್ನು ಹಿಡಿಯದೆ ಉತ್ತರ ಕೆರೊಲಿನಾದಿಂದ ಫ್ಲಾರಿಡಾದವರೆಗಿನ ಇಡೀ ಕರಾವಳಿಯನ್ನು ಗಲ್ಲಾ ಗೀಚಿ ಸಾಂಸ್ಕೃತಿಕ ಪರಂಪರೆಯ ವಲಯವೆಂದು ಗುರುತಿಸಿದ್ದು ಈ ದೃಷ್ಟಿಯಿಂದ ಹೆಚ್ಚು ವಿವೇಕದ ಕೆಲಸ.

ಕಟ್ಟಡವನ್ನು ಕಾಯಬೇಕೋ ಪೂಜೆಯನ್ನೋ ಎಂಬ ಈ ಸಮಸ್ಯೆ ಕನ್ನಡನಾಡಿಗೆ ಅಪರಿಚಿತವಲ್ಲ. 2023ರಲ್ಲಿ ಯುನೆಸ್ಕೋ ಒಂದೇ ಹೆಸರಿನಡಿ ವಿಶ್ವ ಪರಂಪರೆಗೆ ಸೇರಿಸಿದ ಹೊಯ್ಸಳ ದೇವಾಲಯಗಳಲ್ಲಿ ಸೋಮನಾಥಪುರದ್ದು ಪೂಜೆಯಿಲ್ಲದ ಸ್ಮಾರಕ. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆಯುಂಟು, ರಥೋತ್ಸವವುಂಟು. ಬೇಲೂರಿನಲ್ಲಿ ಕಲ್ಲಿನ ಹೊಣೆ ಪುರಾತತ್ವ ಇಲಾಖೆಯದಾದರೆ ಪೂಜೆಯ ವ್ಯವಸ್ಥೆ ಮುಜರಾಯಿಯದು. ಎಣ್ಣೆ, ಹೊಗೆ, ಜನಸಂದಣಿಗಳು ಒಬ್ಬರಿಗೆ ಅಪಾಯವಾಗಿ, ಇನ್ನೊಬ್ಬರಿಗೆ ಕ್ಷೇತ್ರದ ಜೀವವಾಗಿ ಕಾಣುವುದು ಸಹಜವೇ.

ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್, ಅಟ್ಲಾಂಟಾ ಬಳಿಯ ರಿವರ್‌ಡೇಲ್, ಉತ್ತರ ಕೆರೊಲಿನಾದ ಕೇರಿ ಊರುಗಳ ಹಿಂದೂ ದೇವಾಲಯಗಳಿಗೆ ಅಮೆರಿಕದ, ಕನ್ನಡನಾಡಿನ ಈ ಎರಡೂ ಪಾಠಗಳು ಬೇಕಾಗುತ್ತವೆ. ಸ್ಥಳೀಯ ಗುತ್ತಿಗೆದಾರರು ಎಬ್ಬಿಸಿದ ಕಾಂಕ್ರೀಟು ಗೋಡೆಗೆ ಭಾರತದಿಂದ ಬಂದ ಶಿಲ್ಪಿಗಳು ಗಾರೆಯ ರೂಪ ಕೊಡುವುದು ಇಂಥ ಗುಡಿಗಳ ವಾಡಿಕೆ. ಆಗಮದ ಕ್ರಮವಾದರೋ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಜೀರ್ಣೋದ್ಧಾರವನ್ನೂ, ಕರ್ನಾಟಕದ ಕರಾವಳಿಯವರು ಬ್ರಹ್ಮಕಲಶವೆನ್ನುವ ಕುಂಭಾಭಿಷೇಕವನ್ನೂ ಬಯಸುತ್ತದೆ. ಆಗ ಬಣ್ಣ, ಗಾರೆ, ಕೆಲವೊಮ್ಮೆ ಗೋಡೆಯೇ ಹೊಸತಾಗುತ್ತದೆ. ಐವತ್ತು ವರ್ಷ ಬದಲಾಗದೆ ಉಳಿದುದನ್ನು ಮೆಚ್ಚುವ ನಿಯಮಕ್ಕೂ ಹನ್ನೆರಡು ವರ್ಷಕ್ಕೊಮ್ಮೆ ನವೀಕರಿಸುವ ಕ್ರಮಕ್ಕೂ ಹೊಂದಾಣಿಕೆ ಸುಲಭವಲ್ಲ. ಇಲ್ಲಿ ನೋಂದಣಿಯ ಫಲಕಕ್ಕಾಗಿ ಜೀರ್ಣೋದ್ಧಾರವನ್ನು ತಡೆಯುವುದು ತಪ್ಪು ಲೆಕ್ಕ.

ಹಾಗಾದರೆ ಕಾಯಬೇಕಾದದ್ದು ನಿರ್ಣಯಗಳ ದಾಖಲೆಯನ್ನು. ಲ್ಯಾನ್‌ಹ್ಯಾಮಿನಲ್ಲಿ ಶಿವನೂ ವಿಷ್ಣುವೂ ಒಂದೇ ಸೂರಿನಡಿ ಇದ್ದಾರೆ. ರಿವರ್‌ಡೇಲಿನಲ್ಲಿ ವೆಂಕಟೇಶ್ವರನಿಗೂ ಶಿವನಿಗೂ ಬೇರೆ ಬೇರೆ ಗುಡಿಗಳು ಅಕ್ಕಪಕ್ಕದಲ್ಲಿವೆ. ತಮಿಳು, ತೆಲುಗು, ಕನ್ನಡ ಮನೆಗಳವರು ಕೂಡಿ ಯಾವ ದೇವರಿಗೆ ಯಾವ ದಿಕ್ಕು, ಯಾರ ಪದ್ಧತಿಯ ಪೂಜೆ, ಯಾವ ಹಬ್ಬ ವಾರಾಂತ್ಯಕ್ಕೆ ಸರಿಯಬಹುದು ಎಂದು ಚರ್ಚಿಸಿದ ಸಭೆಗಳ ನಡಾವಳಿಯೇ ಈ ಪರಂಪರೆಯ ಮೂಲ ಗ್ರಂಥ. ಗಾರೆಯನ್ನು ಮತ್ತೆ ಬಳಿಯಬಹುದು. ನಡಾವಳಿ ಕಳೆದರೆ ಮತ್ತೆ ಬರೆಯುವಂತಿಲ್ಲ. 1970ರ ದಶಕದ ಆರಂಭದಲ್ಲೇ ಹುಟ್ಟಿದ ವಾಷಿಂಗ್ಟನ್ನಿನ ಕಾವೇರಿ ಕನ್ನಡ ಸಂಘಕ್ಕೂ ಅಟ್ಲಾಂಟಾದ ನೃಪತುಂಗ ಕನ್ನಡ ಕೂಟಕ್ಕೂ ಈ ಕೆಲಸದಲ್ಲಿ ಪಾಲಿದೆ: ಸ್ಮರಣ ಸಂಚಿಕೆಗಳು, ಆಹ್ವಾನ ಪತ್ರಿಕೆಗಳು, ಪುರೋಹಿತರೊಡನೆ ನಡೆದ ಪತ್ರವ್ಯವಹಾರ, ಹಿರಿಯರ ಧ್ವನಿಮುದ್ರಿತ ನೆನಪು, ಇವನ್ನು ಒಟ್ಟುಮಾಡಿ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಲು ದೊಡ್ಡ ದೇಣಿಗೆಯೇನೂ ಬೇಡ. ಈ ಕಟ್ಟಡಗಳಲ್ಲಿ ಹಳೆಯವಕ್ಕೆ ಐವತ್ತು ತುಂಬುವ ವೇಳೆಗೆ ಮೊದಲ ತಲೆಮಾರಿನ ಧರ್ಮದರ್ಶಿಗಳಲ್ಲಿ ಹೆಚ್ಚಿನವರು ಇರುವುದಿಲ್ಲ. ಅವರ ಮನೆಯ ನೆಲಮಾಳಿಗೆಯ ಪೆಟ್ಟಿಗೆಗಳನ್ನು ತೆರೆಸುವ ಕೆಲಸ ಈ ವರ್ಷವೇ ಶುರುವಾದರೆ ಒಳ್ಳೆಯದು.