ಸೆನ್ಸಾರ್ ಬದಲಿಸುವ ಮೊದಲು ಪೈಪು ನೋಡ್ರಣ್ಣ

ಗೌಡಗೆರೆಯಿಂದ ಶಿರಾ ಕಡೆ ಓಡಾಡಲು ನಮ್ಮ ತಂಡ ಒಂದು ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡಿದೆ. ಹೋದ ಬೇಸಿಗೆಯಲ್ಲಿ ಅದಕ್ಕೊಂದು ರೋಗ ಬಂತು. ನಿಂತಾಗ ಇಂಜಿನ್ ಸದ್ದು ಏರುತ್ತೆ, ಇಳಿಯುತ್ತೆ, ಒಮ್ಮೊಮ್ಮೆ ಆಫ್ ಆಗುತ್ತೆ. ಓಡುವಾಗ ಮಾತ್ರ ಏನೂ ಇಲ್ಲ. ಮೀಟರಿನಲ್ಲಿ ಹಳದಿ ದೀಪ.

ಪೇಟೆಯ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ 0171 ಅಂತ ಬಂತು. ‘ಆಕ್ಸಿಜನ್ ಸೆನ್ಸಾರ್ ಹೋಗಿದೆ’ ಅಂತ ಹೊಸದು ಹಾಕಿ ನಾಲ್ಕು ಸಾವಿರ ತಗೊಂಡರು. ಎರಡೇ ದಿನಕ್ಕೆ ದೀಪ ಮತ್ತೆ ಹತ್ತಿತು.

ಆ ಕೋಡ್ ಹೇಳುವುದು ಇಷ್ಟೇ: ಪೆಟ್ರೋಲಿನ ಲೆಕ್ಕಕ್ಕೆ ಗಾಳಿ ಜಾಸ್ತಿಯಾಗಿದೆ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ನಮ್ಮ ಕಾರಿನಲ್ಲಿ ಫಿಲ್ಟರ್ ಪಕ್ಕದ ಸೆನ್ಸಾರ್ ಆ ಗಾಳಿಯನ್ನು ಅಳೆಯುತ್ತೆ. ಅದರಿಂದ ಮುಂದೆ ಎಲ್ಲಾದರೂ ಪೈಪು ಸೀಳಿದ್ದರೆ ಕಳ್ಳಗಾಳಿ ಒಳಗೆ ನುಗ್ಗುತ್ತೆ. ಪಾಪ, ಆಕ್ಸಿಜನ್ ಸೆನ್ಸಾರ್ ಇದ್ದದ್ದನ್ನು ಇದ್ದ ಹಾಗೇ ಹೇಳಿತ್ತು. ನಿಜ ಸುದ್ದಿ ತಂದ ವರದಿಗಾರನನ್ನೇ ಕೆಲಸದಿಂದ ತೆಗೆದ ಹಾಗಾಯ್ತು!

ಕೊನೆಗೆ ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಅಣ್ಣನೊಬ್ಬರ ಹತ್ತಿರ ಹೋದೆವು. ‘ನಿಂತಾಗ ತೊಂದರೆ, ಓಡುವಾಗ ಇಲ್ಲ ಅಂದ್ರೆ ಎಲ್ಲೋ ಗಾಳಿ ಎಳೀತಿದೆ’ ಅಂದರು. ಆಕ್ಸಿಲೇಟರ್ ಬಿಟ್ಟಾಗಲೇ ಒಳಗಿನ ಎಳೆತ ಜೋರಾಗಿರುತ್ತೆ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟರು. ಫ್ಯಾನಿಗೆ ಸಿಕ್ಕಿದರೆ ಗತಿಯೇನು? ಒಂದು ರಬ್ಬರ್ ಪೈಪಿನ ತುಂಡನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿದರು. ಒಂದು ಕಡೆ ‘ಸುಸ್ಸ್’ ಅಂತು. ಅಲ್ಲಿಗೆ ಸೋಪಿನ ನೀರು ಚಿಮುಕಿಸಿದರೆ ಇಂಜಿನ್ ಸದ್ದೇ ಬದಲಾಯ್ತು. ಕೆಲವರು ಇದೇ ಪರೀಕ್ಷೆಗೆ ಪೆಟ್ರೋಲ್ ಚಿಮುಕಿಸುತ್ತಾರೆ. ದಯವಿಟ್ಟು ಬೇಡ, ಪಕ್ಕದಲ್ಲೇ ಸುಡುವ ಸೈಲೆನ್ಸರ್ ಇರುತ್ತೆ.

ಸೀಳಿದ್ದು ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪು. ನಮ್ಮ ಎದೆ ಝಲ್ಲೆಂದಿತು. ಬ್ರೇಕ್ ಗಟ್ಟಿಯಾಗಿದೆ ಅಂತ ತಿಂಗಳಿಂದ ಗೊಣಗುತ್ತಿದ್ದೆವು, ಅದೇ ಕಾರಲ್ಲಿ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಓಡಾಡುತ್ತಲೂ ಇದ್ದೆವು. ಜೊತೆಗೆ ನಮ್ಮ ಕಡೆಯ ಬೇಸಿಗೆಯ ಧೂಳು ಫಿಲ್ಟರನ್ನೇ ತಪ್ಪಿಸಿ ನೇರ ಇಂಜಿನ್ನಿಗೆ ಹೋಗುತ್ತಿತ್ತು. ಪಿಸ್ಟನ್ ರಿಂಗು ಸವೆಯಲು ಇನ್ನೇನು ಬೇಕು?

ಟೇಪು, ಸೈಕಲ್ ಟ್ಯೂಬು ಸುತ್ತಿಬಿಡಿ ಅಂದೆವು. ‘ಬ್ರೇಕಿನ ಪೈಪಿಗೆ ಅದೆಲ್ಲ ಆಗಲ್ಲ’ ಅಂತ ಅದೇ ಕಾರಿನ ಹೊಸ ಪೈಪು, ಕ್ಲಿಪ್ಪು ತರಿಸಿ ಹಾಕಿದರು. ಸಾಮಾನಿಗೆ ಬಿದ್ದದ್ದು 280 ರೂಪಾಯಿ.

ಗ್ಯಾರೇಜನ್ನು ಬೈಯುವುದು ಸುಲಭ. ಆದರೆ ನಾವೂ ಹಾಗೇ ಅಲ್ಲವೇ? ಸಾಮಾನಿಗೆ ಕೇಳಿದಷ್ಟು ಕೊಡುತ್ತೇವೆ. ಅರ್ಧ ಗಂಟೆ ಬಗ್ಗಿ ಹುಡುಕಿದವನಿಗೆ ‘ನೋಡಿದ್ದಕ್ಕೂ ದುಡ್ಡಾ?’ ಅನ್ನುತ್ತೇವೆ. ಹಾಗಾದ ಮೇಲೆ ಅವನು ಸಾಮಾನನ್ನೇ ಮಾರುತ್ತಾನೆ. ‘ಮೊದಲು ಪೈಪು, ಕ್ಲಿಪ್ಪು ನೋಡಿ, ನೋಡಿದ್ದಕ್ಕೆ ಕೂಲಿ ಕೊಡ್ತೀವಿ’ ಅಂತ ನಾವೇ ಬಾಯಿಬಿಟ್ಟು ಹೇಳಬೇಕು.

ಈ ಅಣ್ಣ ಕೇಳಿದ್ದು ಐವತ್ತು. ನಾವು ಮುನ್ನೂರು ಕೊಟ್ಟೆವು. ತಿರುಗಿಸಿ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡರು.